ಹೊಗೆ ಕೆಮ್ಮು

ಗಿರಿಜಾಂಬಿಕಾ ಒಳ್ಳೆಯವಳು ಎಂದು ಅವಳ ಊರಿನಲ್ಲಿ ಯಾರೂ ಹೇಳುವುದಿಲ್ಲ. ತಿಪಟೂರಿನಿಂದ ಹಾಲ್ಕುರಿಕೆ ಕಡೆಗೆ ಹೋಗುವಾಗ ತೆಂಗಿನ ತೋಟಗಳ ನಡುವೆ ಸಿಗುವ ಆ ಊರಿನಲ್ಲಿ ಅವಳ ಬಾಯಿಗೆ ಸಿಕ್ಕಿ ಪಾರಾದವರು ಕಡಿಮೆ. ಹಾಲು ಯಾಕೋ ತೆಳ್ಳಗಿದೆ ಎಂದು ಡೇರಿಯವನು ಒಮ್ಮೆ ಅಂದದ್ದಕ್ಕೆ ಅವನ ತಾತನ ಕಾಲದಿಂದ ಶುರುಮಾಡಿ ಅವನ ಮಗುವಿನ ನಾಮಕರಣದವರೆಗೆ ಬಂದು ನಿಲ್ಲಿಸಿದ್ದಳು. ಅವಳು ಬಸ್ಸು ಹತ್ತುವುದನ್ನು ಕಂಡರೆ ಕಂಡಕ್ಟರು ಮೊದಲು ಒಂದು ಸೀಟು ಖಾಲಿ ಮಾಡಿಸಿ ಆಮೇಲೆ ಸೀಟಿ ಊದುತ್ತಾನೆ. ಇಷ್ಟು ಬಾಯಿ ಇದ್ದವಳು ಒಂದು ಮಾತನ್ನು ಮಾತ್ರ ಮೂವತ್ತು ವರ್ಷ ಗಂಟಲಲ್ಲೇ ಇಟ್ಟುಕೊಂಡಿದ್ದಳು. ಹೇಳಿಕೊಳ್ಳುವಂಥ ದೊಡ್ಡ ಮಾತೇನಲ್ಲ, ಒಂದು ಕಾಯಿಲೆಯ ಹೆಸರು.

ಅವಳ ಸಿಟ್ಟಿಗೆ ಅರ್ಧ ಕಾರಣ ಅವಳ ಕೈಗಳು. ಬೆಳಗ್ಗೆ ಎದ್ದರೆ ಹತ್ತು ಬೆರಳೂ ಕೊರಡು. ಬಿಸಿನೀರಿನಲ್ಲಿ ಅದ್ದಿ, ಬೈದು, ಮತ್ತೆ ಅದ್ದಿ, ಹೊತ್ತೇರುವ ಹೊತ್ತಿಗೆ ಒಂದು ಲೋಟ ಹಿಡಿಯುವಷ್ಟಾದರೆ ಅವತ್ತು ಹಬ್ಬ. ರುಮಟಾಯ್ಡ್ ಎನ್ನುವ ಕೀಲುವಾತ ಎಂದು ಡಾಕ್ಟರು ಹೇಳುವ ಮೊದಲು ಅವಳು ಹತ್ತು ವರ್ಷ ಮೆಡಿಕಲ್ ಸ್ಟೋರಿನವನು ಪೊಟ್ಟಣ ಕಟ್ಟಿ ಕೊಡುವ ಬಿಳಿ ಮಾತ್ರೆ ನುಂಗಿದ್ದಳು. ಮುಖ ಊದಿಕೊಂಡಿತು, ಬೆರಳು ಮಾತ್ರ ಸೊಟ್ಟಗೆ ಆಗುತ್ತಲೇ ಹೋಯಿತು.

ಶಿವಪೂಜೆಗೆ ಕೂತರೆ ಎಡ ಅಂಗೈ ಅಗಲವಾಗಬೇಕು, ಅದರ ಮೇಲೆ ಇಷ್ಟಲಿಂಗ ಕೂರಬೇಕು. ಅವಳ ಅಂಗೈ ಅಗಲವಾಗದು. ಹೋದ ಕಾರ್ತೀಕದಲ್ಲಿ ಒಂದು ದಿನ ಲಿಂಗ ಅಂಗೈಯಿಂದ ಜಾರಿ ನೆಲಕ್ಕೆ ಬಿತ್ತು. ಅದನ್ನು ಕಂಡವಳು ಗಂಡನ ಅಕ್ಕ ವನಜಾಕ್ಷಿ. ತನ್ನ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಬಂದ ವಾರಕ್ಕೇ ಬೀಗದ ಕೈಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವಳು ಆಕೆ.

"ಲಿಂಗ ಹಿಡಿಯೋಕೆ ಕೈ ಇಲ್ಲದೋಳು ಪೂಜೆಗೆ ಯಾಕೆ ಕೂರ್ತೀಯೇ ಗಿರಿಜಾ? ದೂರದಿಂದ ಕೈ ಮುಗಿ, ಸಾಕು," ಎಂದಳು ವನಜಾಕ್ಷಿ. ಮುಗಿಯುವುದಕ್ಕೂ ಆ ಕೈಗಳು ಸರಿಯಾಗಿ ಕೂಡುತ್ತಿರಲಿಲ್ಲ ಎನ್ನುವುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಗಿರಿಜಾಂಬಿಕಾ ಅದನ್ನು ಮರೆಯಲಿಲ್ಲ. ಮರೆಯುವ ಜಾತಿಯವಳೇ ಅಲ್ಲ ಅವಳು.

ಗಂಡ ವೀರಭದ್ರಯ್ಯ ಮಾತಿಗೆ ಮುಂಚೆ ಒಂದು ಸಲ, ಮಾತು ಮುಗಿದ ಮೇಲೆ ಒಂದು ಸಲ 'ನಮ್ಮ ಮನೆತನ' ಎನ್ನುವ ಮನುಷ್ಯ. ಮನೆತನ ಎಂದರೆ ಅವನ ಮಟ್ಟಿಗೆ ಕೊಬ್ಬರಿ. ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಹತ್ತಿರ ಹತ್ತಿರ ಒಂದು ವರ್ಷ ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಅದೇ ಗಿಟುಕು. ಅವರ ಮನೆಯ ಗಿಟುಕು ಬೆಳ್ಳಗೆ, ಒಂದು ಬಿರುಕಿಲ್ಲದೆ ಬರುತ್ತದೆ ಎಂದು ತಿಪಟೂರಿನ ಮಂಡಿಯಲ್ಲೆಲ್ಲ ಹೆಸರು. ಮದುವೆಯ ಮಡಿಲಕ್ಕಿಗೆ, ಮಠದ ಪೂಜೆಗೆ ಅವರ ಮನೆಯದೇ ಬೇಕು ಎನ್ನುವವರಿದ್ದರು. ಹೆಂಡತಿ ಸೊರಗಿದರೆ ವೀರಭದ್ರಯ್ಯನಿಗೆ ನಿದ್ದೆ ಬರುತ್ತಿತ್ತು. ಅಟ್ಟದಲ್ಲಿ ಇಲಿ ಓಡಾಡಿದರೆ ಬರುತ್ತಿರಲಿಲ್ಲ.

ಅಟ್ಟ ಇರುವುದು ತೋಟದ ಮನೆಯಲ್ಲಿ. ಮಳೆಗಾಲದ ಥಂಡಿಗೆ ಕಾಯಿ ಬೂಸ್ಟು ಹಿಡಿಯದಿರಲೆಂದು ಅಟ್ಟದ ಕೆಳಗೆ ತೆಂಗಿನ ಸಿಪ್ಪೆಯ ಹೊಗೆ ಹಾಕುವುದು ರೂಢಿ. ಹೊಗೆ ಹಾಕುವವರು, ಅಟ್ಟ ಹತ್ತಿ ಕಾಯಿ ತಿರುವಿಹಾಕುವವರು ಕೆಮ್ಮುವುದೂ ರೂಢಿ. ಅದಕ್ಕೆ ಅಲ್ಲಿ 'ಹೊಗೆ ಕೆಮ್ಮು' ಎನ್ನುತ್ತಾರೆ. ಬೆಲ್ಲ ಮೆಣಸು ಅಗಿದರೆ ಹೋಗುತ್ತದೆ ಎನ್ನುತ್ತಾರೆ. ಆ ಮನೆಯವರು ಮಾಡಿದ ಪಾಪವೆಲ್ಲ ಈ ಒಂದು ಹೆಸರಿನ ಹಿಂದೆ ಬಚ್ಚಿಟ್ಟುಕೊಂಡಿತ್ತು.

ಗಿರಿಜಾಂಬಿಕಾ ಹುಳಿಯಾರಿನ ಪಕ್ಕದ ಕೆಂಕೆರೆಯಿಂದ ಸೊಸೆಯಾಗಿ ಬಂದ ಹೊಸತರಲ್ಲಿ ಮೈದುನ ಗಂಗಾಧರ ಕೆಮ್ಮುತ್ತಿದ್ದ. ಎತ್ತರದ ಹುಡುಗ, ನಗುಮುಖ. ಕೆಲವೇ ತಿಂಗಳಲ್ಲಿ ಅಂಗಿ ಗೂಟಕ್ಕೆ ಹಾಕಿದಂತೆ ಮೈಮೇಲೆ ಜೋತಾಡತೊಡಗಿತು. ಕರವಸ್ತ್ರದಲ್ಲಿ ರಕ್ತ ಕಂಡ ಮೇಲೆ ವೀರಭದ್ರಯ್ಯ ಅವನನ್ನು ಪಟ್ಟಣದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಬಂದವನು ಮನೆಯವರ ಕಿವಿಗೆ ಮಾತ್ರ ಟಿಬಿ ಎಂದು ಹಾಕಿ, ತಮ್ಮನ ಹಾಸಿಗೆಯನ್ನು ತೋಟದ ಮನೆಗೆ ಸಾಗಿಸಿದ. ಅಟ್ಟದ ಕೆಳಗಿನ ಕೋಣೆ. ಕಾಯಿ ಒಣಗುವವರೆಗೆ, ಅದನ್ನು ತಿರುವುವ ಆಳೊಬ್ಬನನ್ನು ಬಿಟ್ಟರೆ, ಹೊರಗಿನವರು ಯಾರೂ ಆ ಕಡೆ ಸುಳಿಯುವುದಿಲ್ಲ, ಕೊಬ್ಬರಿಗೆ ಕಣ್ಣು ಬೀಳುತ್ತದೆ ಎಂದು ಅವರೇ ಯಾರನ್ನೂ ಬಿಡುವುದಿಲ್ಲ. ಮನುಷ್ಯನನ್ನು ಅಡಗಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕುವುದುಂಟೇ? ಕೇಳಿದವರಿಗೆ, ಗಂಗಾಧರ ಕೊಬ್ಬರಿ ಕಾಯುತ್ತಿದ್ದಾನೆ ಎಂದರು. ಕೆಮ್ಮು ಕೇಳಿಸಿದವರಿಗೆ, ಹೊಗೆ ಕೆಮ್ಮು ಎಂದರು.

ಟಿಬಿ ಇದ್ದವನು ಅಟ್ಟದ ಕೆಳಗೆ ಮಲಗಿದ್ದಾನೆ ಎಂದು ಗೊತ್ತಾದರೆ ಅಟ್ಟದ ಮೇಲಿನದನ್ನು ಯಾರು ಕೊಳ್ಳುತ್ತಾರೆ? ಅವರ ತಲೆಯಲ್ಲಿ ಇದ್ದದ್ದು ಅಷ್ಟೇ.

ಅನ್ನ ಒಯ್ಯುವ ಕೆಲಸ ಹೊಸ ಸೊಸೆಯದು. ಹೊಗೆ ಹಾಕುವುದೂ ಅವಳೇ. ಮುಚ್ಚಿದ ಕೋಣೆಯಲ್ಲಿ ಅವಳು ತಟ್ಟೆ ಇಟ್ಟು, ಅವನು ಉಣ್ಣುವವರೆಗೆ ಗೋಡೆಗೆ ಒರಗಿ ಕೂರುತ್ತಿದ್ದಳು. ಒಂದು ಸಂಜೆ ಅವನು ಕೇಳಿದ, "ಅತ್ತಿಗೆ, ನನಗೆ ಏನಾಗಿದೆ ಅಂತ ನೀವಾದ್ರೂ ಒಂದ್ಸಲ ಹೆಸರು ಹಿಡಿದು ಹೇಳಿ. ಎಲ್ಲಾರೂ ಹೊಗೆ ಹೊಗೆ ಅಂತಾರೆ."

"ಹೊಗೆ ಕೆಮ್ಮೇ ಕಣಪ್ಪ. ಹೋಗ್ತದೆ ಬುಡು," ಎಂದಳು ಅವಳು. ಹಾಗನ್ನು ಎಂದು ಮನೆಯಲ್ಲಿ ಹೇಳಿಕೊಟ್ಟಿದ್ದರು. ಗಂಗಾಧರ ತಟ್ಟೆಯನ್ನು ಬಾಗಿಲ ಕಡೆಗೆ ಎಸೆದು ಗೋಡೆಗೆ ಮುಖ ಮಾಡಿ ಮಲಗಿದ. ಅವತ್ತಿನಿಂದ ಅವಳ ಜೊತೆ ಮಾತಾಡಲಿಲ್ಲ.

ಸರ್ಕಾರಿ ಆಸ್ಪತ್ರೆಯಿಂದ ಒಬ್ಬ ಆರೋಗ್ಯ ಕಾರ್ಯಕರ್ತ ಸೈಕಲ್ಲಿನಲ್ಲಿ ಮಾತ್ರೆ ಹಿಡಿದುಕೊಂಡು ಬರುತ್ತಿದ್ದ. ಎರಡು ಸಲ ಬಂದ. ಮೂರನೆಯ ಸಲ ವನಜಾಕ್ಷಿ ಗೇಟಿನಲ್ಲೇ ತಡೆದು, "ನಮ್ಮನೇಲಿ ಅಂಥೋರು ಯಾರೂ ಇಲ್ಲ, ಮುಂದಕ್ಕೆ ಹೋಗಿ," ಎಂದಳು. ಆಕೆ ಹಬ್ಬಕ್ಕೆಂದು ತವರಿಗೆ ಬಂದಿದ್ದ ದಿನ ಅದು. ಗಿರಿಜಾಂಬಿಕಾ ಬಾಗಿಲ ಹಿಂದೆ ನಿಂತು ಕೇಳಿದಳು. ಹದಿನೆಂಟು ಇಪ್ಪತ್ತರ ಹುಡುಗಿ, ಹೊಸ ಮನೆ, ಏನು ಹೇಳಿಯಾಳು? ಮಾತ್ರೆ ನಿಂತಿತು. ಕೊಬ್ಬರಿ ಇಳಿಸುವ ಮೊದಲೇ ಗಂಗಾಧರ ಹೋದ. ಎದೆ ನಿಂತುಹೋಯ್ತು ಎಂದು ಊರಿಗೆ ಹೇಳಿದರು. ಹನ್ನೊಂದನೇ ದಿನ ಕಳೆದ ಮೇಲೆ ಅಟ್ಟದ ಕಾಯಿ ಇಳಿಸಿ, ಒಡೆದು, ಮಂಡಿಗೆ ಕಳಿಸಿದರು. ಆ ವರ್ಷದ ಗಿಟುಕೂ ಬೆಳ್ಳಗೇ ಇತ್ತು.

ಆ ಅಟ್ಟಕ್ಕೆ ಕಾಯಿ ಏರಿಸಿ, ತಿರುವಿಹಾಕುತ್ತಿದ್ದವನು ಪಕ್ಕದ ಹಟ್ಟಿಯ ಜುಂಜಯ್ಯ. ಕುರಿ ಮೇಯಿಸುವ ಮನೆತನದವನು, ಹಗ್ಗದಂಥ ಗಟ್ಟಿ ಆಳು. ಕೆಳಗೆ ಗಂಗಾಧರ ಕೆಮ್ಮುತ್ತಿದ್ದಾಗ ಮೇಲೆ ಅವನು ಕಾಯಿ ಅಲ್ಲಾಡಿಸಿ ಒಣಗಿದೆಯೋ ಇಲ್ಲವೋ ನೋಡುತ್ತಿದ್ದ. ಮಧ್ಯಾಹ್ನ ಇಳಿದು ಬಂದು ಗಂಗಾಧರನ ಜೊತೆ ಬೀಡಿ ಸೇದುತ್ತಿದ್ದ. ಯಾರೂ ಬೇಡ ಎನ್ನಲಿಲ್ಲ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾನಲ್ಲ.

ಮರುವರ್ಷ ಜುಂಜಯ್ಯ ಕೆಮ್ಮತೊಡಗಿದ. ಗಿರಿಜಾಂಬಿಕಾ ಬೆಲ್ಲ ಮೆಣಸು ಕೊಟ್ಟು ಹೊಗೆ ಕೆಮ್ಮು ಎಂದಳು. ಅವನೂ ನಂಬಿದ. ಅವನು ಆಸ್ಪತ್ರೆಗೆ ಹೋಗುವ ಹೊತ್ತಿಗೆ ನಡೆಯಲಾರದಷ್ಟಾಗಿದ್ದ, ಅಲ್ಲಿ ಟಿಬಿ ಎಂದರು. ಸುದ್ದಿ ಬಂದ ದಿನವೇ ಅವನು ನೀರು ಕುಡಿಯುತ್ತಿದ್ದ ಲೋಟವನ್ನು ತಿಪ್ಪೆಗೆ ಎಸೆದರು. ಹಟ್ಟಿಯೋರ ಕಾಯಿಲೆ ನಮ್ಮ ಕೊಬ್ಬರಿಗೆ ಬೇಡ ಎಂದು ವೀರಭದ್ರಯ್ಯ ಊರೆಲ್ಲ ಕೇಳುವಂತೆ ಹೇಳಿದ. ಜುಂಜಯ್ಯ ಸತ್ತ. ಅವನ ಹೆಂಡತಿ ಕೆಂಚಕ್ಕ ಮಾತ್ರ ಆಮೇಲೂ ಆ ಮನೆಯ ಕೊಬ್ಬರಿ ಒಡೆಯಲು ಬರುತ್ತಲೇ ಇದ್ದಳು. ಮಗ ಚಿತ್ತೇಶ ಚಿಕ್ಕವನು, ಹೊಟ್ಟೆ ಕೇಳುತ್ತದೆಯೇ? ಗಂಡನ ಕಾಯಿಲೆಯ ನೆವದಲ್ಲಿ ಅವಳಿಗೂ ಅವಳ ಹಟ್ಟಿಯ ಹೆಂಗಸರಿಗೂ ಅಂಗಳದ ಹೊರಗೆ, ಬೇವಿನ ಮರದ ಕೆಳಗೆ ಬೇರೆ ನೀರಿನ ಕೊಡ ಇಟ್ಟರು. ಆ ಕೊಡ ಇವತ್ತಿಗೂ ಅಲ್ಲೇ ಇದೆ, ಮಣ್ಣಿನದು ಹೋಗಿ ಪ್ಲಾಸ್ಟಿಕ್ಕಿನದು ಬಂದಿದೆ ಅಷ್ಟೇ.

ಇಷ್ಟೂ ಗೊತ್ತಿದ್ದು ಗಿರಿಜಾಂಬಿಕಾ ಸುಮ್ಮನಿದ್ದಳು. ಬೇರೆ ಎಲ್ಲದಕ್ಕೂ ಕಿರುಚಿದಳು. ಊರಿನವರು ಅದನ್ನು ಅವಳ ಹುಟ್ಟುಗುಣ ಎಂದುಕೊಂಡರು.

ಈಗ ತುರುವೇಕೆರೆಯಲ್ಲಿ ಟೀಚರಾಗಿರುವ ಮಗಳು ವರ್ಷಿಣಿ ಕಾಟ ಕೊಟ್ಟು ಅವಳನ್ನು ತುಮಕೂರಿನ ಕೀಲುರೋಗದ ಡಾಕ್ಟರಿಗೆ ತೋರಿಸಿದಳು. ವಾರಕ್ಕೊಮ್ಮೆ ನುಂಗುವ ಮಾತ್ರೆ ಕೊಟ್ಟರು. ನೋವು ಅರ್ಧ ಇಳಿಯಿತು, ಬೆರಳು ಬಿಚ್ಚಲಿಲ್ಲ. ಈ ಸಲ ಗಂಡನ ಜೊತೆ ಹೋದಾಗ, ಇಂಜೆಕ್ಷನ್ನಿಗೆ ಬದಲಾಯಿಸೋಣ ಎಂದರು ಡಾಕ್ಟರ್ ಧನುಶ್ರೀ. ಚಿಕ್ಕ ವಯಸ್ಸಿನವರು, ಮಾತು ನೇರ. ವೀರಭದ್ರಯ್ಯ ಕೂತ ಕೂಡಲೇ ಯಾವೂರಾಯ್ತು ಎಂದು ವಿಚಾರಿಸಿದ. ಹುಳಿಯಾರು ಕಡೆಯ ಒಂದು ಹಟ್ಟಿಯ ಹೆಸರು ಹೇಳಿದರು. ಅವನ ಮುಖ ಸಣ್ಣಗಾಯಿತು.

"ಈ ಇಂಜೆಕ್ಷನ್ ಕೆಲಸ ಮಾಡೋದು ಹೇಗೆ ಅಂದ್ರೆ," ಎಂದರು ಡಾಕ್ಟರು ಗಿರಿಜಾಂಬಿಕಾಳ ಕಡೆಗೇ ತಿರುಗಿ, "ನಿಮ್ಮ ಮೈಯ ಕಾವಲು ಶಕ್ತಿ ದಾರಿ ತಪ್ಪಿ ನಿಮ್ಮ ಕೀಲನ್ನೇ ಕಚ್ತಾ ಇದೆ. ಅದನ್ನ ಕಟ್ಟಿಹಾಕುತ್ತೆ. ಆದ್ರೆ ಒಳಗೆ ಎಲ್ಲಾದ್ರೂ ಹಳೇ ಟಿಬಿ ಮಲಗಿದ್ರೆ, ಅದನ್ನ ಅದುಮಿ ಹಿಡಿದಿರೋದೂ ಅದೇ ಶಕ್ತಿ. ನಾನು ಕಟ್ಟಿಹಾಕಿದ್ರೆ ಟಿಬಿ ಎದ್ದುಬಿಡುತ್ತೆ. ಜೀವಕ್ಕೇ ಕುತ್ತು. ಅದಕ್ಕೆ ಮೊದಲು ಪರೀಕ್ಷೆ."

"ಮಲಗಿರೋ ಟಿಬಿ ಅಂತ ಇರ್ತದಾ?" ಎಂದಳು ಗಿರಿಜಾಂಬಿಕಾ.

"ಇರುತ್ತೆ. ಎಷ್ಟೋ ವರ್ಷ ಇರಬಹುದು. ಕೆಮ್ಮಿಲ್ಲ, ಜ್ವರ ಇಲ್ಲ, ನಿಮ್ಮಿಂದ ಯಾರಿಗೂ ಅಂಟಲ್ಲ. ಟಿಬಿ ಇದ್ದೋರ ಜೊತೆ ಒಂದೇ ಕೋಣೇಲಿ ತುಂಬಾ ದಿನ ಇದ್ದೋರಿಗೆ ಹೆಚ್ಚು. ನಿಮ್ಮನೇಲಿ ಯಾರಿಗಾದ್ರೂ ಇತ್ತಾ?"

"ಇಲ್ಲ," ಎಂದ ವೀರಭದ್ರಯ್ಯ. ಪ್ರಶ್ನೆ ಮುಗಿಯುವ ಮೊದಲೇ ಬಂದ ಉತ್ತರ. "ನಮ್ಮ ಮನೆತನದಲ್ಲಿ ಅಂಥದ್ದೆಲ್ಲ ಇಲ್ಲ ಮೇಡಂ. ನಮ್ದು ಶಿವಪೂಜೆ ಮನೆ."

"ಟಿಬಿ ಪೂಜೆ ಕೇಳ್ಕೊಂಡು ಬರಲ್ಲ. ನಾನು ಅವರನ್ನ ಕೇಳಿದ್ದು," ಎಂದರು ಡಾಕ್ಟರು. "ಅಮ್ಮ, ನೀವು ವರ್ಷಗಟ್ಟಲೆ ತಿಂದ ಆ ಪೊಟ್ಟಣದ ಬಿಳಿ ಮಾತ್ರೆ ಸ್ಟಿರಾಯ್ಡ್. ಅಂಥೋರಿಗೆ ಈ ಪರೀಕ್ಷೆ ಕೆಲವು ಸಲ ಸುಳ್ಳು ಹೇಳುತ್ತೆ. ಆಗ ನೀವು ಹೇಳೋ ಮಾತೇ ನನಗೆ ಆಧಾರ."

ಗಿರಿಜಾಂಬಿಕಾ ಬಾಯಿ ತೆರೆದಳು. ಮೇಜಿನ ಕೆಳಗೆ ಗಂಡನ ಮಂಡಿ ಅವಳ ಮಂಡಿಗೆ ಬಲವಾಗಿ ಒತ್ತಿತು. ಕೀಲು ಊದಿದ ಮಂಡಿ ಅದು, ಅವನಿಗೆ ಗೊತ್ತಿಲ್ಲದ್ದಲ್ಲ. ಅವಳು ನೋವಿಗೆ ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದಳು. ಇಲ್ಲ ಎಂದೂ ಆಗಬಹುದು, ಏನು ಬೇಕಾದರೂ ಆಗಬಹುದು.

ಎದೆಯ ಎಕ್ಸರೆ ತೆಗೆದರು. ಎಡ ಮುಂಗೈಯ ಒಳಭಾಗಕ್ಕೆ ಸಣ್ಣ ಸೂಜಿ ಚುಚ್ಚಿ, ಸುತ್ತ ಪೆನ್ನಿನಿಂದ ಗುಂಡಗೆ ಗೆರೆ ಎಳೆದರು. ಮೂರನೇ ದಿನ ತಪ್ಪದೆ ಬಂದು ತೋರಿಸಬೇಕು, ಆಮೇಲೆ ಬಂದರೆ ಪ್ರಯೋಜನವಿಲ್ಲ ಎಂದರು. ಬಸ್ಸಿನಲ್ಲಿ ವೀರಭದ್ರಯ್ಯ ಕಿಟಕಿ ಕಡೆ ನೋಡುತ್ತಾ, "ಮೂರನೇ ದಿನ ಕೊಬ್ಬರಿ ಒಡೆಯೋದು. ಮನೆ ಹೆಂಗಸು ಊರು ಬಿಡೋ ಹಾಗಿಲ್ಲ. ಇನ್ನೊಂದು ತಿಂಗಳು ಬಿಟ್ಟು ಇಂಜೆಕ್ಷನ್ ಕೇಳಿದರಾಯ್ತು, ಏನೂ ಬರ್ಲಿಲ್ಲ ಅಂತ ಹೇಳಿದರಾಯ್ತು," ಎಂದ.

"ಎದ್ದುಬಿಡ್ತದಂತೆ ರೀ. ಗಂಗಾಧರ ಹೋದಂಗೆ ಹೋಗ್ತೀನಿ."

"ಆ ಹೆಸರು ಎತ್ತಬೇಡ," ಎಂದ ವೀರಭದ್ರಯ್ಯ.

ಮಾರನೇ ದಿನವೇ ಗುಂಡು ಗೆರೆಯೊಳಗೆ ಚರ್ಮ ಕೆಂಪಾಗಿ ಎದ್ದಿತು. ಮೂರನೇ ದಿನದ ಬೆಳಗ್ಗೆ ಗೆರೆ ದಾಟಿ ಹೊರಗೆ ಬಂದಿತ್ತು, ಮುಟ್ಟಿದರೆ ಒಳಗೊಂದು ಬಿಲ್ಲೆ ಇಟ್ಟಂತೆ ಗಟ್ಟಿ. ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಅಟ್ಟದ ಕೆಳಗಿನ ಕೋಣೆ ತನ್ನೊಳಗೇ ಇತ್ತು, ಇಷ್ಟು ವರ್ಷವೂ. ಇನ್ನು ಆ ಇಂಜೆಕ್ಷನ್ನು ಸುಳ್ಳಿನ ಮೇಲೆ ಬಿದ್ದರೆ ತಾನು ಉಳಿಯುವುದಿಲ್ಲ. ವನಜಾಕ್ಷಿ ಒಂದು ಉದ್ದ ತೋಳಿನ ರವಿಕೆ ತಂದು ಎಸೆದಳು. "ಇದು ಹಾಕ್ಕೋ. ಆಳುಗಳು ನೋಡೋದು ಬೇಡ."

ಹಾಕಿಕೊಂಡಳು. ಊದಿದ ಮೊಣಕೈಗೆ ಆ ತೋಳು ಇಳಿಸುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು.

ಅಂಗಳದಲ್ಲಿ ಹಟ್ಟಿಯ ಹೆಂಗಸರು ಸಾಲಾಗಿ ಕೂತಿದ್ದರು. ಸಿಪ್ಪೆ ಸುಲಿದ ಕಾಯಿ ಎಡ ಅಂಗೈಯಲ್ಲಿ, ಮಚ್ಚು ಬಲಗೈಯಲ್ಲಿ. ಮಚ್ಚಿನ ಹಿಂಬದಿಯಿಂದ ತಿರುಗಿಸಿ ತಿರುಗಿಸಿ ತಟ್ಟಿದರೆ ಚಿಪ್ಪು ಸುತ್ತ ಒಡೆದು, ಗಿಟುಕು ಗಾಯವಿಲ್ಲದೆ ಕೈಗೆ ಬರುತ್ತದೆ. ಒಂದು ಕಾಲಕ್ಕೆ ಈ ಕೆಲಸದಲ್ಲಿ ಗಿರಿಜಾಂಬಿಕಾಳನ್ನು ಮೀರಿಸುವವರಿರಲಿಲ್ಲ. ಈಗ ಅವಳ ಪಾಲಿಗೆ ಉಳಿದದ್ದು ಒಡೆದ ಗಿಟುಕನ್ನು ಮೊರಕ್ಕೆ ತಳ್ಳುವುದು. ಬಿಸಿಲೇರಿದಂತೆ ತೋಳು ಬಿಗಿಯಿತು, ಮುಂಗೈ ತುರಿಸಿತು. ಅವಳು ಅರಿವಿಲ್ಲದೆ ತೋಳು ಮೇಲಕ್ಕೆ ಎಳೆದುಕೊಂಡಳು.

ಎದುರಿಗೆ ಕೂತಿದ್ದ ಕೆಂಚಕ್ಕ ಮಚ್ಚು ನಿಲ್ಲಿಸಿದಳು. "ಅದೇನ್ರವ್ವ ಮುಂಗೈ ಮೇಲೆ?"

"ಚಿಪ್ಪು ಸಿಡಿದು ಬಡೀತು. ನಿನ್ನ ಕೆಲಸ ನೋಡು," ಎಂದಳು ಜಗಲಿಯ ಮೇಲಿಂದ ವನಜಾಕ್ಷಿ.

"ಚಿಪ್ಪು ಬಡಿದ್ರೆ ಸುತ್ತ ಪೆನ್ನಾಗೆ ಗುಂಡಗೆ ಬರೆದಿರ್ತದಾ?" ಎಂದಳು ಕೆಂಚಕ್ಕ. "ನಮ್ಮ ಚಿತ್ತೇಶಂಗೂ ಇಂಗೇ ಚುಚ್ಚಿದ್ರು, ಅವರಪ್ಪ ಸತ್ತಾಗ. ಟಿಬಿ ಐತಾ ಅಂತ ನೋಡಾಕೆ."

ಸಾಲಿನಲ್ಲಿದ್ದ ಮಚ್ಚುಗಳೆಲ್ಲ ಒಂದೊಂದಾಗಿ ನಿಂತವು. ವೀರಭದ್ರಯ್ಯ ಚೀಲ ಹೊಲಿಯುತ್ತಿದ್ದವನು ಎದ್ದು ನಿಂತ. ವನಜಾಕ್ಷಿ ಜಗಲಿ ಇಳಿದು ಬಂದಳು. ಆಕೆ ಅಲ್ಲಿಗೇ ಸುಮ್ಮನಾಗಿದ್ದರೆ ಕೊಬ್ಬರಿಯೂ ಉಳಿಯುತ್ತಿತ್ತು, ಮಾತೂ ಹೂತುಹೋಗುತ್ತಿತ್ತು. ಸುಮ್ಮನಾಗುವುದು ಆಕೆಗೆ ಬರುತ್ತಿರಲಿಲ್ಲ.

"ನಮ್ಮನೇಲಿ ಆ ಕಾಯಿಲೆ ಯಾವತ್ತೂ ಇರ್ಲಿಲ್ಲ ಕಣೇ ಕೆಂಚಿ," ಎಂದಳು. "ಗಿರಿಜಂಗೆ ಏನಾದ್ರೂ ಬಂದಿದ್ರೆ ಅದು ನಿನ್ನ ಗಂಡನಿಂದ ಬಂದಿರ್ಬೇಕು. ಅವನೇ ಅಲ್ವಾ ಕೆಮ್ಕೊಂಡು ನಮ್ಮ ಅಟ್ಟ ಹತ್ತುತ್ತಿದ್ದೋನು."

ಕೆಂಚಕ್ಕ ತಲೆ ತಗ್ಗಿಸಿದಳು. ಈ ಮಾತು ಅವಳಿಗೆ ಹೊಸದಲ್ಲ, ಮೂವತ್ತು ವರ್ಷದಿಂದ ಬೇರೆ ಬೇರೆ ಬಾಯಿಂದ ಕೇಳಿದ್ದಳು. ಆ ತಗ್ಗಿದ ತಲೆಯನ್ನು ನೋಡಿ ಗಿರಿಜಾಂಬಿಕಾಳ ಸಿಟ್ಟು ಈ ಸಲ ಸರಿಯಾದ ಕಡೆಗೆ ತಿರುಗಿತು.

"ಜುಂಜಯ್ಯನಿಂದ ಬಂದದ್ದಲ್ಲ," ಎಂದಳು. ಕಿರುಚಲಿಲ್ಲ. ಊರಿಗೆ ಗೊತ್ತಿದ್ದ ಅವಳ ದನಿಯೇ ಅಲ್ಲ ಅದು. "ಗಂಗಾಧರಂಗೆ ಟಿಬಿ ಇತ್ತು. ಆ ಅಟ್ಟದ ಕೆಳಗೆ ಮಲಗಿಸಿದ್ರು. ಮಾತ್ರೆ ತಂದೋನ್ನ ಅಕ್ಕ ಗೇಟಿಂದ ಆಚೆ ಕಳಿಸಿದ್ಳು. ಎದೆ ನಿಂತು ಸಾಯಲಿಲ್ಲ ಅವನು, ಟಿಬಿಯಲ್ಲಿ ಸತ್ತ. ಅವನು ಮಲಗಿದ್ದಾಗ ಮೇಲೆ ಕಾಯಿ ತಿರುವುತ್ತಿದ್ದೋನು ಜುಂಜಯ್ಯ."

"ಬಾಯಿ ಮುಚ್ಚೇ," ಎಂದ ವೀರಭದ್ರಯ್ಯ. ಅವನ ಕೈಯಲ್ಲಿ ಗೋಣಿ ಹೊಲಿಯುವ ದಬ್ಬಳ ಇತ್ತು. "ಮನೆ ಮುಳುಗಿಸ್ತಿದೀಯ ನೀನು."

"ಮುಳುಗಲಿ," ಎಂದಳು.

ಹೇಳಿದ ಮೇಲೆ ಎದೆ ಹಗುರವಾಗುತ್ತದೆ ಎಂದು ಅವಳು ಎಲ್ಲೋ ಅಂದುಕೊಂಡಿದ್ದಳು. ಕೆಂಚಕ್ಕ ಅದಕ್ಕೆ ಅವಕಾಶ ಕೊಡಲಿಲ್ಲ. ಮಚ್ಚನ್ನು ಪಕ್ಕಕ್ಕಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಹತ್ತಿರ ಬಂದು ನಿಂತಳು. ವನಜಾಕ್ಷಿಯ ಕಡೆ ತಿರುಗಿಯೂ ನೋಡಲಿಲ್ಲ.

"ನಿಂಗೆ ಗೊತ್ತಿತ್ತು," ಎಂದಳು. ಅಲ್ಲಿಯವರೆಗೆ ಬಹುವಚನ ಬಿಟ್ಟು ಮಾತಾಡದವಳು. "ಅವನು ಕೆಮ್ಮಿದಾಗ ಬೆಲ್ಲ ಮೆಣಸು ಕೊಟ್ಟೋಳು ನೀನು. ಗಿರ್ಜಮ್ಮಾರು ಹೊಗೆ ಕೆಮ್ಮು ಅಂದವ್ರೆ ಕಣೇ, ಆಸ್ಪತ್ರೆ ಯಾಕೆ ಅಂದ ನನ್ನ ಗಂಡ. ಇದು ಟಿಬಿ, ಓಗೋ ಅಂತ ಒಂದು ಮಾತು ಅಂದಿದ್ರೆ ಮಾತ್ರೆ ನುಂಗಿ ಬದುಕ್ತಿದ್ದ. ಈ ಅಂಗಳದಾಗೆ ಯಾರೂ ಒಳ್ಳೇರಲ್ಲ ಅಂತ ಗೊತ್ತಿತ್ತು. ನೀನು ಒಬ್ಳು ಬೇರೆ ಅಂದ್ಕಂಡಿದ್ದೆ."

ಗಿರಿಜಾಂಬಿಕಾ ಮೊರವನ್ನು ಪಕ್ಕಕ್ಕೆ ತಳ್ಳಿ ಎದ್ದು ನಿಂತಳು.

ಕೆಂಚಕ್ಕ ಬೇವಿನ ಮರದ ಹತ್ತಿರ ಹೋಗಿ, ಪ್ಲಾಸ್ಟಿಕ್ ಕೊಡವನ್ನು ಎತ್ತಿ, ನೀರನ್ನೆಲ್ಲ ಅಂಗಳದ ಗಿಟುಕಿನ ರಾಶಿಯ ಮೇಲೆ ಸುರಿದಳು. ವರ್ಷವಿಡೀ ಒಣಗಿದ ಕೊಬ್ಬರಿ. ವೀರಭದ್ರಯ್ಯ ಅಯ್ಯೋ ಎಂದು ರಾಶಿಯ ಮೇಲೆ ಬಗ್ಗಿ ಪಂಚೆಯಿಂದ ಒರೆಸತೊಡಗಿದ. ತಮ್ಮ ಸತ್ತಾಗಲೂ ಅವನು ಹೀಗೆ ಬಗ್ಗಿರಲಿಲ್ಲ. ಹಟ್ಟಿಯ ಹೆಂಗಸರು ಎದ್ದರು, ಮಚ್ಚುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ಅರ್ಧ ಕಾಯಿ ಒಡೆಯದೆ ಹಾಗೇ ಉಳಿದವು.

ಗಿರಿಜಾಂಬಿಕಾ ಒಳಗೆ ಹೋಗಿ ಆಸ್ಪತ್ರೆಯ ಚೀಟಿಗಳ ಕವರು ತೆಗೆದುಕೊಂಡಳು. ಬಾಗಿಲಲ್ಲಿ ವನಜಾಕ್ಷಿ ಅಡ್ಡ ನಿಂತಳು. "ಈ ಹೊಸಲು ದಾಟಿದ್ರೆ ಮತ್ತೆ ಒಳಗೆ ಬರ್ಬೇಡ."

"ಬತ್ತೀನಿ ಅಕ್ಕ. ಮಾತ್ರೆ ಕೊಡೋಕೆ ಆಸ್ಪತ್ರೆಯೋರೂ ಬತ್ತಾರೆ. ಈ ಸಲ ಗೇಟಲ್ಲಿ ನಾನು ನಿಂತಿರ್ತೀನಿ," ಎಂದು ಮೊಣಕೈಯಿಂದ ಆಕೆಯನ್ನು ಸರಿಸಿ ಹೊರಟಳು. ತಳ್ಳುವುದಕ್ಕೆ ಅಂಗೈ ಬಿಚ್ಚಬೇಕೆಂದೇನೂ ಇಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಕೆಂಚಕ್ಕ ಒಬ್ಬಳೇ ನಿಂತಿದ್ದಳು, ಉಳಿದವರು ತೋಟದ ದಾರಿ ಹಿಡಿದು ಹೋಗಿದ್ದರು. ಗಿರಿಜಾಂಬಿಕಾ ಕಲ್ಲಿನ ಬೆಂಚಿನ ಮೇಲೆ ಕೂತಳು. ಕೆಂಚಕ್ಕ ಕೂರಲಿಲ್ಲ, ಬಿಸಿಲಿನಲ್ಲೇ ನಿಂತಳು. ಬಸ್ಸು ಬಂತು. ಕಂಡಕ್ಟರು ಎಂದಿನಂತೆ ಸೀಟು ಖಾಲಿ ಮಾಡಿಸಿದ, ಪಕ್ಕದ್ದೂ ಖಾಲಿಯೇ ಇತ್ತು. ಗಿರಿಜಾಂಬಿಕಾ ಕವರನ್ನು ಮಡಿಲಿಗೆ ತೆಗೆದುಕೊಂಡು ಜಾಗ ಮಾಡಿದಳು. ಕೆಂಚಕ್ಕ ಕಂಬಿ ಹಿಡಿದು ನಿಂತೇ ಬಂದಳು.

ಹಟ್ಟಿಯ ಕ್ರಾಸು ಬಂದಾಗ ಇಳಿಯುವ ಮೊದಲು ಹೇಳಿದಳು. ಮುಖ ಬಾಗಿಲ ಕಡೆಗೇ ಇತ್ತು.

"ನಿಮ್ಮನೇಲಿ ಯಾರಿಗಿತ್ತು ಅಂತ ಡಾಕ್ಟ್ರು ಕೇಳ್ತಾರೆ. ನಂಗೂ ಕೇಳಿದ್ರು ಆವಾಗ. ನನ್ನ ಗಂಡನ ಹೆಸ್ರೂ ಹೇಳು. ನಿಮ್ಮನೆ ಲೆಕ್ಕದಾಗೇ ಹೇಳು, ಹಟ್ಟಿ ಲೆಕ್ಕದಾಗಲ್ಲ."

"ಹೇಳ್ತೀನಿ," ಎಂದಳು ಗಿರಿಜಾಂಬಿಕಾ.

"ಹೇಳಿದ್ರೂ ನಾನು ನಿನ್ನ ಮಾತಾಡ್ಸಲ್ಲ," ಎಂದು ಕೆಂಚಕ್ಕ ಇಳಿದು ಹೋದಳು.

ತುಮಕೂರು ಸೇರಿದಾಗ ಡಾಕ್ಟರು ಇನ್ನೇನು ಏಳುವವರಿದ್ದರು. ಮುಂಗೈಯನ್ನು ಬೆಳಕಿಗೆ ಹಿಡಿದು, ಊತದ ಅಂಚನ್ನು ಬೆರಳಿನಿಂದ ತಡವಿ, ಪಾರದರ್ಶಕ ಸ್ಕೇಲು ಇಟ್ಟು ಅಳೆದರು. ಎಕ್ಸರೆಯಲ್ಲಿ ಏನೂ ಇಲ್ಲ, ಅದು ಪುಣ್ಯ ಎಂದರು. ಮಲಗಿರುವುದು ಎದ್ದಿಲ್ಲ, ಏಳದ ಹಾಗೆ ಮಾಡಲು ಮೊದಲು ಕೆಲವು ತಿಂಗಳ ಮಾತ್ರೆ ಇದೆ, ಅದು ಶುರುವಾಗಿ ಒಂದು ತಿಂಗಳಾದರೂ ಕಳೆದ ಮೇಲೆ ಇಂಜೆಕ್ಷನ್ನು ಎಂದರು. ಬೆರಳು ಬಿಚ್ಚುತ್ತದೆಯೇ ಎಂದು ಅವಳು ಕೇಳಿದಳು. ಪೂರ್ತಿ ಅಂತ ಮಾತು ಕೊಡಲ್ಲ, ಈಗಿನದಕ್ಕಿಂತ ಬಿಚ್ಚಬೇಕು ಎಂದರು.

"ಈಗ ಹೇಳಿ," ಎಂದರು ಆಮೇಲೆ. "ಆವತ್ತು ನಿಮ್ಮ ಯಜಮಾನ್ರು ಹೇಳಿದ್ರು. ನೀವು ಹೇಳಲಿಲ್ಲ. ಮನೇಲಿ ಯಾರಿಗಿತ್ತು?"

"ಇಬ್ಬರಿಗೆ ಇತ್ತು. ಗಂಗಾಧರ, ನನ್ನ ಮೈದುನ. ಇನ್ನೊಬ್ಬ ಜುಂಜಯ್ಯ."

"ಜುಂಜಯ್ಯ ಅಂದ್ರೆ ನಿಮಗೇನಾಗ್ಬೇಕು?"

ಗಿರಿಜಾಂಬಿಕಾ ಮಡಿಲಲ್ಲಿದ್ದ ಎರಡು ಮುಷ್ಟಿಗಳನ್ನು ನೋಡಿಕೊಂಡಳು.

"ಏನೂ ಆಗ್ಬೇಕಿಲ್ಲ. ನಮ್ಮನೆ ಹೊಗೆ ಕುಡಿದೋನು."

ಡಾಕ್ಟರು ಅರ್ಥವಾಗದೆ ತಲೆಯೆತ್ತಿದರು. ಹೊಗೆಗೂ ಇದಕ್ಕೂ ಏನು ಸಂಬಂಧ ಎಂದು ಅವರು ಕೇಳುವ ಮೊದಲೇ ಅವಳು ತಿದ್ದಿ ಹೇಳಿದಳು.

"ಟಿಬಿಯಲ್ಲಿ ಸತ್ತ. ನಾನು ಹೆಸರು ಹೇಳಲಿಲ್ಲ, ಅದಕ್ಕೆ ಸತ್ತ."